ಬಾಯಿಯ ದುರ್ವಾಸನೆ: ಗ್ಯಾಸ್ಟ್ರಿಕ್ ಎನ್ನುವ ಮೊದಲು ನಾಲಗೆ ನೋಡಿ

ಬಾಯಿಯ ದುರ್ವಾಸನೆಯ ದೊಡ್ಡ ಕಷ್ಟ ಏನೆಂದರೆ, ಇರುವವರಿಗೆ ಗೊತ್ತಾಗುವುದಿಲ್ಲ, ಗೊತ್ತಾದವರು ಹೇಳುವುದಿಲ್ಲ. ನಮ್ಮ ಮೂಗು ನಮ್ಮದೇ ವಾಸನೆಗೆ ಒಗ್ಗಿಹೋಗಿರುತ್ತದೆ. ಎದುರಿಗಿದ್ದವರು ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅಷ್ಟೆ. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದವರು ವರ್ಷಗಟ್ಟಲೆ ಏಲಕ್ಕಿ, ಲವಂಗ ಜಗಿಯುತ್ತಾ ದಿನ ಕಳೆಯುತ್ತಾರೆ. ಅದು ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆಯೇ ಹೊರತು ಕಾರಣವನ್ನು ಮುಟ್ಟುವುದಿಲ್ಲ.

ನಿಮಗೇ ಪರೀಕ್ಷಿಸಿಕೊಳ್ಳಬೇಕೆಂದಿದ್ದರೆ ಒಂದು ಚಮಚದಿಂದ ನಾಲಗೆಯ ಹಿಂಭಾಗವನ್ನು ಮೆಲ್ಲನೆ ಕೆರೆದು, ಒಂದು ನಿಮಿಷ ಬಿಟ್ಟು ಮೂಸಿ ನೋಡಿ. ಇನ್ನೂ ಒಳ್ಳೆಯದು, ಮನೆಯಲ್ಲಿ ನಿಮಗೆ ತೀರಾ ಹತ್ತಿರದವರನ್ನು ಕೇಳುವುದು.

ನಮ್ಮಲ್ಲಿ ಎಲ್ಲದಕ್ಕೂ ಗ್ಯಾಸ್ಟ್ರಿಕ್ ಒಂದೇ ಕಾರಣ! ಆದರೆ ದುರ್ವಾಸನೆ ಹೊಟ್ಟೆಯಿಂದ ಬರುವುದು ಕಡಿಮೆ. ಹೆಚ್ಚಿನವರಲ್ಲಿ ಅದರ ಮೂಲ ಬಾಯಿಯೊಳಗೇ ಇರುತ್ತದೆ. ನಾಲಗೆಯ ಹಿಂಭಾಗದಲ್ಲಿ, ಹಲ್ಲುಗಳ ಸಂದಿಯಲ್ಲಿ, ಒಸಡಿನ ಅಡಿಯಲ್ಲಿ ಗಾಳಿಯಾಡದ ಕಡೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವು ಆಹಾರದ ಚೂರು, ಸತ್ತ ಜೀವಕೋಶಗಳಲ್ಲಿರುವ ಪ್ರೋಟೀನನ್ನು ಒಡೆದಾಗ ಗಂಧಕದ ಅನಿಲಗಳು ಹೊರಬರುತ್ತವೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲೊಂದು. ಇದನ್ನೆಲ್ಲ ತೊಳೆಯುತ್ತಾ ಇರುವುದು ಜೊಲ್ಲು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದಲೇ ಬೆಳಗ್ಗೆ ಎಲ್ಲರ ಬಾಯಿಯೂ ವಾಸನೆ ಬರುತ್ತದೆ. ಉಪವಾಸದ ದಿನ ಮಧ್ಯಾಹ್ನ ಕಳೆದ ಮೇಲೆ ಬರುವ ವಾಸನೆಗೂ ಮುಖ್ಯ ಕಾರಣ ಇದೇ, ಅದು ರೋಗವಲ್ಲ. ಸಹರಿ ಮುಗಿಸಿ ಹಾಗೇ ಮಲಗಿಬಿಡದೆ ಹಲ್ಲು, ನಾಲಗೆ ಉಜ್ಜಿ ಮಲಗಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಅಲರ್ಜಿ, ಬಿಪಿ, ಖಿನ್ನತೆಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.

ಈರುಳ್ಳಿ, ಬೆಳ್ಳುಳ್ಳಿಯ ಕಥೆ ಬೇರೆ. ಬೆಳ್ಳುಳ್ಳಿಯ ಗಂಧಕದ ಅಂಶ ರಕ್ತ ಸೇರಿ ಶ್ವಾಸಕೋಶದಿಂದ ಉಸಿರಿನ ಜೊತೆ ಬರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಕೆಲವು ಗಂಟೆ ಬಳಿಕ ತಾನಾಗಿ ಇಳಿಯುತ್ತದೆ.

ಹಲ್ಲುಜ್ಜುವಾಗ ರಕ್ತ ಬರುತ್ತಿದೆಯೇ? ಅದು ಒಸಡಿನ ಕಾಯಿಲೆಯ ಗುರುತು. ಗಟ್ಟಿಯಾದ ಕಲ್ಲು ಬ್ರಷ್‌ಗೆ ಹೋಗದು, ಕ್ಲೀನಿಂಗ್ ಮಾಡಿಸಲೇಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂದು ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ನಿಜವೇನೆಂದರೆ, ಒಸಡನ್ನು ಆಗಲೇ ತಿಂದುಹಾಕಿದ್ದ ಕಲ್ಲು ಹೋದ ಮೇಲೆ ಅಡಗಿದ್ದ ಸಂದಿ ಕಾಣುತ್ತದೆ.

ದಿನಕ್ಕೆ ಎರಡು ಸಲ, ಎರಡು ನಿಮಿಷ, ಮೆತ್ತನೆಯ ಬ್ರಷ್. ರಾತ್ರಿಯದ್ದನ್ನು ತಪ್ಪಿಸಲೇಬಾರದು. ನಾಲಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಕೆರೆಯಿರಿ. ಮಿಸ್ವಾಕ್ ಬಳಸುವವರು ತುದಿ ಸವೆದಾಗ ಕತ್ತರಿಸಿ ಹೊಸದು ಮಾಡಿಕೊಳ್ಳಿ, ಒಸಡಿಗೆ ಒತ್ತಿ ತಿಕ್ಕಬೇಡಿ. ಉಮಿಕರಿ, ಇದ್ದಿಲ ಪುಡಿ ಹಲ್ಲಿನ ಹೊದಿಕೆಯನ್ನು ಸವೆಸುತ್ತವೆ. ಕಟ್ಟಿಸಿದ ಹಲ್ಲಿನ ಸೆಟ್ ಇರುವ ಹಿರಿಯರು ರಾತ್ರಿ ಅದನ್ನು ತೆಗೆದು, ತೊಳೆದು, ನೀರಿನಲ್ಲಿಡಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯಿಯನ್ನು ಇನ್ನಷ್ಟು ಒಣಗಿಸಬಹುದು.

ಇನ್ನು ಎಲೆ ಅಡಿಕೆ. ಅಡಿಕೆ ಬೆಳೆಯುವ ಊರಲ್ಲಿ ಕೂತು ಇದನ್ನು ಬರೆಯುವುದು ಕಷ್ಟವೇ, ಆದರೂ ಹೇಳಬೇಕು. ಬಾಯಿ ವಾಸನೆ ಮುಚ್ಚಲೆಂದು ಜಗಿಯಲು ಶುರು ಮಾಡಿದವರು ಬಹಳ ಮಂದಿ. ಹೊಗೆಸೊಪ್ಪು ಸೇರಿದರೆ ಅಪಾಯ ಹೆಚ್ಚು. ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಜಗಿಯುವವರು ಮೂರು ಬೆರಳು ಜೋಡಿಸಿ ಉದ್ದಕ್ಕೆ ಹಿಡಿದು ಬಾಯಿಯೊಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡಮಾಡಬೇಡಿ.

ಬಾಯಿ ಸ್ವಚ್ಛವಿದ್ದೂ ವಾಸನೆ ಹೋಗದಿದ್ದರೆ ಟಾನ್ಸಿಲ್, ಸೈನಸ್ ತೋರಿಸಿ. ಸಕ್ಕರೆ ಕಾಯಿಲೆಯವರ ಉಸಿರು ಹಣ್ಣಿನಂತೆ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣದಂತೆ ನಾರಿ, ಜೊತೆಗೆ ವಾಂತಿ, ಸುಸ್ತು ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಬೀಜವೋ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.