ಬಿರುಗಾಳಿಯ ಬೆಟ್ಟದಲ್ಲಿ ಹಿಮದ ಪಾಠ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಶಿಖರದ ಎತ್ತರ ಕೇವಲ 1,245 ಮೀಟರ್. ಆದರೂ ಚಳಿಗಾಲದ ಪರ್ವತಾರೋಹಣ ಕಲಿಯುವವರಿಗೆ ಇದು ಕಠಿಣ ಪಾಠಶಾಲೆ. ಅಟ್ಲಾಂಟಿಕ್ ಸಾಗರದಿಂದ ಒಂದರ ಹಿಂದೊಂದರಂತೆ ಬರುವ ವಾಯುಭಾರ ಕುಸಿತಗಳು ಮರಗಳಿಲ್ಲದ ಇಲ್ಲಿನ ಪ್ರಸ್ಥಭೂಮಿಯ ಮೇಲೆ ಬಿರುಗಾಳಿಯಾಗಿ ಎರಗುತ್ತವೆ. 1986ರ ಮಾರ್ಚ್ 20ರಂದು ಶಿಖರದಲ್ಲಿ ಗಂಟೆಗೆ ಸುಮಾರು 278 ಕಿ.ಮೀ. ವೇಗದ ಗಾಳಿ ದಾಖಲಾಗಿತ್ತು. ಬೆಟ್ಟದ ತಪ್ಪಲಿನಲ್ಲಿರುವ ಗ್ಲೆನ್‌ಮೋರ್ ಲಾಡ್ಜ್, ಸ್ಕಾಟ್ಲೆಂಡಿನ ರಾಷ್ಟ್ರೀಯ ಹೊರಾಂಗಣ ತರಬೇತಿ ಕೇಂದ್ರವಾಗಿದೆ.

ಗಾಳಿಯ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದು ದೇಹವನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಉಷ್ಣಾಂಶ ಮೈನಸ್ 5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಮೈನಸ್ 15 ಡಿಗ್ರಿಯ ಚಳಿಯಂತೆ ತಾಗುತ್ತದೆ. ಗಾಳಿಗೆ ಹಾರಿಹೋದ ಕೈಗವಸೂ ಇಲ್ಲಿ ಅಪಾಯಕ್ಕೆ ದಾರಿ. ಆದ್ದರಿಂದ ಕೈಗವಸುಗಳನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು, ಇನ್ನೊಂದು ಜೊತೆ ಇಟ್ಟುಕೊಳ್ಳುವುದು ರೂಢಿ.

ಜಾರಿದಾಗ

ಮೊದಲ ಪಾಠ, ಹಿಮಗೊಡಲಿಯಿಂದ ಜಾರುವಿಕೆಯನ್ನು ತಡೆಯುವುದು. ಕೆಳಗೆ ಬಂಡೆಗಳಿಲ್ಲದ, ತಾನಾಗಿಯೇ ಸಮತಟ್ಟಾಗುವ ಇಳಿಜಾರನ್ನು ಆರಿಸಿ, ಕಲಿಯುವವರು ಬೇಕೆಂದೇ ಜಾರುತ್ತಾರೆ. ಕೊಡಲಿಯ ಮೊನೆಯನ್ನು ಭುಜದ ಬಳಿ ಹಿಮಕ್ಕೆ ಒತ್ತಿ, ಎದೆಯ ಭಾರವನ್ನು ಅದರ ಮೇಲೆ ಹಾಕಬೇಕು. ಬೂಟಿಗೆ ಕಟ್ಟುವ ಮುಳ್ಳುಚೌಕಟ್ಟು, ಅಂದರೆ ಕ್ರಾಂಪನ್, ಧರಿಸಿದ್ದರೆ ಪಾದಗಳನ್ನು ಮೇಲೆತ್ತಬೇಕು. ಮುಳ್ಳು ಹಿಮಕ್ಕೆ ಸಿಕ್ಕಿದರೆ ದೇಹ ಪಲ್ಟಿ ಹೊಡೆಯುತ್ತದೆ. ಈ ಕಾರಣದಿಂದ ಅಭ್ಯಾಸದ ವೇಳೆ ಕ್ರಾಂಪನ್ ಕಳಚಿಡಲಾಗುತ್ತದೆ.

ಕಣ್ಣಿಗೆ ಕಾಣದ ದಾರಿ

ಮಂಜು ಮತ್ತು ಹಿಮ ಒಂದಾದಾಗ ನೆಲ, ಆಕಾಶಗಳ ಗಡಿ ಅಳಿಸಿಹೋಗುತ್ತದೆ. ಆಗ ದಿಕ್ಸೂಚಿ ಹಿಡಿದು, ಹೆಜ್ಜೆ ಎಣಿಸಿ ದೂರ ಅಳೆಯುವುದು ನೆಚ್ಚಬಹುದಾದ ವಿಧಾನ. ಪ್ರಸ್ಥಭೂಮಿಯ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು, ನೆಲವೆಂದೇ ಭ್ರಮೆ ಹುಟ್ಟಿಸಿ ಪ್ರಪಾತದ ಮೇಲೆ ನಿಂತಿರುತ್ತದೆ. ಗಾಳಿಯ ಮರೆಯ ಇಳಿಜಾರಿನಲ್ಲಿ ಶೇಖರವಾದ ಹಿಮದ ಪದರ, ನಡೆಯುವವರ ಭಾರಕ್ಕೇ ಕುಸಿಯಬಲ್ಲದು. ಹೀಗಾಗಿ ಸ್ಕಾಟ್ಲೆಂಡಿನ ಹಿಮಪಾತ ಮಾಹಿತಿ ಸೇವೆ ಚಳಿಗಾಲದಲ್ಲಿ ಪ್ರತಿದಿನ ನೀಡುವ ಮುನ್ಸೂಚನೆಯನ್ನು ಓದುವುದೂ ಪಾಠದ ಭಾಗ.

1971ರ ದುರಂತ

ಈ ಶಿಸ್ತಿನ ಹಿಂದೆ ಕಹಿ ನೆನಪೊಂದಿದೆ. 1971ರ ನವೆಂಬರ್‌ನಲ್ಲಿ ಎಡಿನ್‌ಬರೋದ ಆರು ಶಾಲಾ ಮಕ್ಕಳು ಮತ್ತು ಇಬ್ಬರು ಮಾರ್ಗದರ್ಶಕರು ಇದೇ ಪ್ರಸ್ಥಭೂಮಿಯಲ್ಲಿ ಹಿಮಬಿರುಗಾಳಿಗೆ ಸಿಲುಕಿದರು. ಕರ್ರನ್ ಎಂಬ ಆಶ್ರಯ ಗುಡಿಸಲನ್ನು ತಲುಪಲಾಗದೆ ಎರಡು ರಾತ್ರಿ ಬಯಲಿನಲ್ಲಿ ಕಳೆದರು. ಐವರು ಮಕ್ಕಳು ಮತ್ತು ಮಾರ್ಗದರ್ಶಕರಲ್ಲಿ ಒಬ್ಬರು ಚಳಿಗೆ ಬಲಿಯಾದರು. ವಿಚಾರಣೆಯ ಬಳಿಕ ಶಾಲಾ ತಂಡಗಳನ್ನು ಕರೆದೊಯ್ಯುವವರಿಗೆ ಅರ್ಹತೆಯ ನಿಯಮಗಳು ಬಿಗಿಯಾದವು. 1975ರಲ್ಲಿ ಆ ಗುಡಿಸಲನ್ನೇ ತೆರವುಗೊಳಿಸಲಾಯಿತು. ಬಿರುಗಾಳಿಯಲ್ಲಿ ಗುಡಿಸಲನ್ನು ಹುಡುಕುತ್ತ ಅಲೆಯುವುದಕ್ಕಿಂತ, ಹವಾಮಾನ ಕೆಡುವ ಮುನ್ನವೇ ಕೆಳಗಿಳಿಯುವುದು ಕ್ಷೇಮ ಎಂಬುದು ತರಬೇತಿಯ ಮೂಲಪಾಠವಾಗಿ ಉಳಿದಿದೆ.