ಬೇವು: ಚಿತ್ರದುರ್ಗ ಸೀಮೆಯ ಮಾರಮ್ಮನ ಆರಾಧನೆಯಲ್ಲಿ

ಬೇವು (ಅಜಾಡಿರಾಕ್ಟಾ ಇಂಡಿಕಾ, ಮೀಲಿಯೇಸೀ ಕುಟುಂಬ) ಒಣಭೂಮಿಯಲ್ಲೂ ಹಸಿರಾಗಿ ನಿಲ್ಲುವ ಮರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದಲ್ಲಿ ಇದು ಮಾರಮ್ಮ, ಎಲ್ಲಮ್ಮ ಮೊದಲಾದ ಗ್ರಾಮದೇವತೆಗಳ ಮರವೆಂದು ಪೂಜೆ ಪಡೆಯುತ್ತದೆ. ಮನೆಮದ್ದು, ಧಾನ್ಯರಕ್ಷಣೆ, ಬೇಸಾಯ ಮೂರರಲ್ಲೂ ಬಳಕೆಯಲ್ಲಿದೆ.

ದೇವತೆಗಳು, ನೆಲೆಗಳು

ಚಿತ್ರದುರ್ಗದ ಕೋಟೆಯೊಳಗೆ ಪಾಳೆಯಗಾರರ ಆರಾಧ್ಯದೇವತೆ ಏಕನಾಥೇಶ್ವರಿಯ ಗುಡಿಯಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಗೆ ಆ ಹೆಸರು ಬಂದದ್ದು ಅಲ್ಲಿನ ಕಣಿವೆ ಮಾರಮ್ಮನಿಂದ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ಜನ ಇಂದಿಗೂ ಹಾಗೆಯೇ ಕರೆಯುತ್ತಾರೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆ ಜಿಲ್ಲೆಯ ದೊಡ್ಡ ಜಾತ್ರೆಗಳಲ್ಲೊಂದು. ಮಾರಿಜಾತ್ರೆಗಳಲ್ಲಿ ಮೈಗೆ ಬೇವಿನ ಸೊಪ್ಪು ಸುತ್ತಿಕೊಂಡು ಹರಕೆ ತೀರಿಸುವ ಬೇವಿನುಡಿಗೆಯ ಪದ್ಧತಿಯಿದೆ.

ಅಮ್ಮನ ಕಟ್ಟು

ಮೈಮೇಲೆ ಬೊಕ್ಕೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಾರೆ; ಅಮ್ಮ ಎಂದರೆ ಮಾರಮ್ಮ. ಮೊದಲು ಈ ಮಾತು ಮುಖ್ಯವಾಗಿ ಸಿಡುಬಿಗೆ ಸಲ್ಲುತ್ತಿತ್ತು. ಭಾರತದಲ್ಲಿ 1975ರ ಮೇ ತಿಂಗಳ ನಂತರ ಸಿಡುಬು ಕಾಣಿಸಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ರೋಗ ಹೋದರೂ ಆಗ ಮನೆಯವರು ಪಾಲಿಸುತ್ತಿದ್ದ ಕಟ್ಟು, ಅಂದರೆ ಕಟ್ಟುಪಾಡು, ಉಳಿಯಿತು. ಈಗ ಸೀತಾಳೆ ಸಿಡುಬು, ದಡಾರಗಳಿಗೆ ಅನ್ವಯಿಸುತ್ತದೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದನ್ನು ಕಂಡವರು ಒಳಗೆ ಕಾಲಿಡುವುದಿಲ್ಲ. ರೋಗಿಯನ್ನು ಬೇರೆಯಾಗಿ ಮಲಗಿಸಿ, ಹಾಸಿಗೆಗೆ ಎಳೆಯ ಎಲೆ ಹರಡುತ್ತಾರೆ. ನವೆಯಾದರೆ ಉಗುರು ತಾಗಿಸದೆ ಬೇವಿನ ಎಸಳಿನಿಂದ ಸವರುತ್ತಾರೆ. ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ; ಅಂಬಲಿ, ಮಜ್ಜಿಗೆ, ಮೊಸರನ್ನವೇ ಆಹಾರ. ಬೊಕ್ಕೆ ಒಣಗಿದ ಮೇಲೆ ಬೇವು, ಅರಿಶಿಣ ಹಾಕಿದ ನೀರನ್ನು ಬಿಸಿಲಿಗಿಟ್ಟು ‘ತಲೆಗೆ ನೀರು’ ಹಾಕುತ್ತಾರೆ. ಅಮ್ಮನ ಗುಡಿಗೆ ಮೊಸರನ್ನದ ತಣ್ಣನೆಯ ಎಡೆ ಹೋಗುತ್ತದೆ.

ಈ ಕಟ್ಟಿನಲ್ಲಿ ಅತಿ ಬೆಲೆಯುಳ್ಳದ್ದು ಪ್ರಾಯಶಃ ಎಲೆಗಿಂತ ಪ್ರತ್ಯೇಕವಾಸ. ಸೀತಾಳೆ ಸಿಡುಬು ಬೊಕ್ಕೆ ಏಳುವ ಒಂದೆರಡು ದಿನ ಮೊದಲೇ ಹರಡತೊಡಗುವುದರಿಂದ ಸೊಪ್ಪು ಕಟ್ಟುವ ಹೊತ್ತಿಗೆ ಸ್ವಲ್ಪ ತಡವಾಗಿರುತ್ತದೆ. ಆದರೆ ಎಲ್ಲ ಬೊಕ್ಕೆಗಳೂ ಒಣಗಿ ಹಕ್ಕಳೆಗಟ್ಟಿದಾಗ ಸೋಂಕು ಹರಡುವುದು ನಿಲ್ಲುತ್ತದೆ. ತಲೆಗೆ ನೀರು ಹಾಕುವ ಸಮಯವೂ ಹೆಚ್ಚುಕಡಿಮೆ ಅದೇ. ಬೇವು ಈ ರೋಗಗಳನ್ನು ಗುಣಪಡಿಸುತ್ತದೆ ಎನ್ನಲು ಆಧಾರವಿಲ್ಲ. ಚಿಕ್ಕ ಮಕ್ಕಳಿಗೆ ಬೇವಿನೆಣ್ಣೆ ಕುಡಿಸುವುದು ಪ್ರಾಣಾಪಾಯಕಾರಿ.

ಕಣಜ ಮತ್ತು ಹೊಲ

ಕಾಳಿನ ಜೊತೆ ಒಣಗಿದ ಬೇವಿನೆಲೆ ಬೆರೆಸಿ ವಾಡೆ, ಗುಡಾಣಗಳಲ್ಲಿ ತುಂಬುವುದು ಹಳೆಯ ರೂಢಿ. ಬೀಜದಲ್ಲಿರುವ ಅಜಾಡಿರಾಕ್ಟಿನ್ ಹುಳುಗಳು ಮೇಯುವುದನ್ನೂ ಪೊರೆ ಕಳಚಿ ಬೆಳೆಯುವುದನ್ನೂ ತಡೆಯುತ್ತದೆ. ಇದನ್ನು 1968ರಲ್ಲಿ ಬೇರ್ಪಡಿಸಲಾಯಿತು. ರೈತರು ಬಳಸುವ ಶೇ. 5ರ ಕಷಾಯಕ್ಕೆ 5 ಕೆ.ಜಿ. ಬೀಜದ ತಿರುಳು ಬೇಕು. ಅದನ್ನು ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಹಾಲಿನಂತಹ ರಸ ಬರುವುದು ನಿಲ್ಲುವವರೆಗೆ ಗಂಟನ್ನು ಹಿಂಡಿ, ಸೋಸಿ, ಸ್ವಲ್ಪ ಸೋಪಿನ ಪುಡಿ ಸೇರಿಸಿ, 100 ಲೀಟರ್ ದ್ರಾವಣ ಮಾಡಿಕೊಳ್ಳಬೇಕು. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಕೆಡುವುದರಿಂದ ಸಂಜೆಯ ಸಿಂಪಡಣೆ ಲೇಸು. ಎಣ್ಣೆ ತೆಗೆದ ಹಿಂಡಿ ಅಡಿಕೆ, ತೆಂಗಿನ ತೋಟಗಳಿಗೆ ಗೊಬ್ಬರವಾಗುತ್ತದೆ.

ಬೇವಿನೆಣ್ಣೆಯನ್ನು ಶಿಲೀಂಧ್ರನಾಶಕವಾಗಿ ಬಳಸುವ ವಿಧಾನಕ್ಕೆ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಪಡೆದಿದ್ದ ಯುರೋಪಿನ ಪೇಟೆಂಟ್ 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ತಿರಸ್ಕೃತವಾಯಿತು. ಇಲ್ಲಿನ ರೈತರಿಗೆ ಮೊದಲೇ ತಿಳಿದಿದ್ದ ವಿದ್ಯೆಗೆ ಸಂದ ನ್ಯಾಯವಿದು.

ಇತರ ಸಸ್ಯಗಳು

ಲಕ್ಕಿ ಸೊಪ್ಪಿನ ಹೊಗೆಯನ್ನು ಸೊಳ್ಳೆ ಓಡಿಸಲು ಹಾಕುತ್ತಾರೆ. ದೃಷ್ಟಿ ತಾಗದಿರಲೆಂದು ಲೋಳೆಸರವನ್ನು ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತಾರೆ.

ಇಂದಿನ ಸ್ಥಿತಿ

ದಡಾರದ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಲಸಿಕೆ ಹಾಕಿಸುವುದಕ್ಕೂ ಬಾಗಿಲಿಗೆ ಬೇವು ಕಟ್ಟುವುದಕ್ಕೂ ವಿರೋಧವಿಲ್ಲ. ಮಗುವಿನ ರಕ್ಷಣೆಗೆ ಮೊದಲು ಬೇಕಾದದ್ದು ಲಸಿಕೆ.