ಆಕಾಶದಿಂದ ಬಂದ ಆರು ಚುಕ್ಕೆಗಳು

ಬಾಹ್ಯಾಕಾಶ ಯುಗದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಎರಡು ಬಲಾಢ್ಯ ರಾಷ್ಟ್ರಗಳ ಪೈಪೋಟಿಯ ಕಥೆಯಾಗಿ ಓದುತ್ತೇವೆ. 1957ರಲ್ಲಿ ಸ್ಪುಟ್ನಿಕ್, 1961ರಲ್ಲಿ ಯೂರಿ ಗಗಾರಿನ್, 1969ರಲ್ಲಿ ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್. ಈ ಕಥೆಯಲ್ಲಿ ಸರ್ಕಾರಗಳಿವೆ, ಸೇನೆಗಳಿವೆ, ಕೋಟಿಗಟ್ಟಲೆ ಹಣವಿದೆ. ಸಾಮಾನ್ಯ ಮನುಷ್ಯನಿಗೆ ಚಪ್ಪಾಳೆ ತಟ್ಟುವ ಕೆಲಸವಷ್ಟೇ. ಆದರೆ ಅದೇ ವರ್ಷಗಳಲ್ಲಿ, ಮನೆಯ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಶಾಲೆಯ ಪ್ರಯೋಗಶಾಲೆಯಲ್ಲಿ ಕುಳಿತು ಆಕಾಶಕ್ಕೆ ಕಿವಿಗೊಟ್ಟವರ ಮತ್ತೊಂದು ಇತಿಹಾಸವೂ ನಡೆಯುತ್ತಿತ್ತು. ಅದರಲ್ಲಿ ಗುಟ್ಟೆಂಬುದಿರಲಿಲ್ಲ. ಕೆಲವೊಮ್ಮೆ ಇತರರ ಗುಟ್ಟುಗಳೂ ಅಲ್ಲಿ ಬಯಲಾದವು.

ಇವರೇ ಹವ್ಯಾಸಿ ರೇಡಿಯೊದವರು. ಜಗತ್ತಿನಾದ್ಯಂತ ‘ಹ್ಯಾಮ್’ ಎಂದೇ ಪರಿಚಿತರು. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತಮ್ಮದೇ ಕರೆಗುರುತಿನಿಂದ ಮಾತನಾಡುವವರು. ಭಾರತದ ಕರೆಗುರುತುಗಳು ಹೆಚ್ಚಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ರೇಡಿಯೊದಿಂದ ಇವರು ಹಣ ಗಳಿಸುವಂತಿಲ್ಲ. ಕಲಿಯುವುದು, ಪ್ರಯೋಗ ಮಾಡುವುದು, ಆಪತ್ಕಾಲದಲ್ಲಿ ಸಂದೇಶ ಮುಟ್ಟಿಸುವುದು ಇವರ ಕೆಲಸ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅದರ ‘ಬೀಪ್ ಬೀಪ್’ ಸದ್ದನ್ನು ಮನೆಯಲ್ಲೇ ಹಿಡಿದವರಲ್ಲಿ ಹ್ಯಾಮ್‌ಗಳು ಮುಂದಿದ್ದರು. ಇದು ಆಕಸ್ಮಿಕವಲ್ಲ. ಉಪಗ್ರಹದ ಒಂದು ಪ್ರೇಷಕ 20 ಮೆಗಾಹರ್ಟ್ಸ್ ಸಮೀಪದಲ್ಲಿತ್ತು. ಸಾಧಾರಣ ಶಾರ್ಟ್‌ವೇವ್ ಗ್ರಾಹಕಕ್ಕೂ ಎಟಕುವ ಜಾಗ ಅದು. ಉಡಾವಣೆಗೆ ಕೆಲವು ತಿಂಗಳು ಮೊದಲೇ ಸೋವಿಯತ್ ಒಕ್ಕೂಟದ ‘ರಾಡಿಯೊ’ ಪತ್ರಿಕೆ ತನ್ನ ಹವ್ಯಾಸಿ ಓದುಗರಿಗೆ ಇದನ್ನೆಲ್ಲ ವಿವರಿಸಿತ್ತು. ಪಶ್ಚಿಮದ ದೇಶಗಳಲ್ಲಿ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕೇಳುವುದಷ್ಟೇ ಏಕೆ, ನಮ್ಮದೇ ಒಂದು ಉಪಗ್ರಹ ಏಕಿರಬಾರದು? 1959ರಲ್ಲಿ ಅಮೆರಿಕದ ‘ಸಿಕ್ಯೂ’ ಎಂಬ ಹ್ಯಾಮ್ ಪತ್ರಿಕೆಯಲ್ಲಿ ಡಾನ್ ಸ್ಟೋನರ್ ಎಂಬವರು ಈ ಮಾತನ್ನು ಬರೆದರು. ತಮಾಷೆಯೆಂದು ಕೆಲವರು ನಕ್ಕಿರಲೂಬಹುದು. ಕ್ಯಾಲಿಫೋರ್ನಿಯಾದ ಕೆಲವು ಹ್ಯಾಮ್‌ಗಳು ನಗಲಿಲ್ಲ. ವಿಮಾನ ಮತ್ತು ಎಲೆಕ್ಟ್ರಾನಿಕ್ಸ್ ಉದ್ಯಮಗಳಲ್ಲಿ ಹಗಲು ದುಡಿಯುತ್ತಿದ್ದ ಇವರು ಸಂಜೆ ಒಟ್ಟುಗೂಡಿ ತಂಡ ಕಟ್ಟಿದರು. ‘ಹವ್ಯಾಸಿ ರೇಡಿಯೊವನ್ನು ಹೊತ್ತು ಸುತ್ತುವ ಉಪಗ್ರಹ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ‘ಆಸ್ಕರ್’ ಎಂದು ಹೆಸರಿಟ್ಟರು. ಸಿನಿಮಾ ಪ್ರಶಸ್ತಿಗೂ ಇದಕ್ಕೂ ಸಂಬಂಧವಿಲ್ಲ.

ರಾಕೆಟ್ ಎಲ್ಲಿಂದ ತರುವುದು? ಇಲ್ಲಿ ಇವರ ಜಾಣತನ ಮೆಚ್ಚಬೇಕು. ದೊಡ್ಡ ರಾಕೆಟ್ಟುಗಳಲ್ಲಿ ತೂಕ ಸರಿದೂಗಿಸಲು ಲೋಹದ ಗಟ್ಟಿಯನ್ನು ಇಡುವುದುಂಟು. ಆ ನಿರುಪಯೋಗಿ ತೂಕದ ಬದಲು ನಮ್ಮ ಪೆಟ್ಟಿಗೆಯನ್ನು ಇಡಿ ಎಂದು ಕೇಳಿದರು. ಅಮೆರಿಕದ ವಾಯುಪಡೆ ಒಪ್ಪಿತು. 1961ರ ಡಿಸೆಂಬರ್ 12ರಂದು ವಾಂಡನ್‌ಬರ್ಗ್ ನೆಲೆಯಿಂದ ಆಸ್ಕರ್-1 ಮೇಲೇರಿತು. ತೂಕ ಸುಮಾರು ನಾಲ್ಕೂವರೆ ಕಿಲೋ. ಅದನ್ನು ರಾಕೆಟ್ಟಿನಿಂದ ಆಚೆ ತಳ್ಳಿದ್ದು ಅಂಗಡಿಯಲ್ಲಿ ಒಂದು ಡಾಲರ್ ಚಿಲ್ಲರೆಗೆ ಕೊಂಡ ಸ್ಪ್ರಿಂಗ್. ಸೌರಫಲಕಗಳಿರಲಿಲ್ಲ. ಬ್ಯಾಟರಿ ಮುಗಿಯುವವರೆಗೆ ಮಾತ್ರ ಆಯುಷ್ಯ. ಪ್ರೇಷಕದ ಸಾಮರ್ಥ್ಯ ಒಂದು ವಾಟ್‌ನ ಏಳನೆಯ ಒಂದು ಭಾಗದಷ್ಟು. ಒಂದು ಪುಟ್ಟ ಟಾರ್ಚ್ ಬಲ್ಬಿಗೂ ಸಾಲದು.

ಅದು ಹೇಳುತ್ತಿದ್ದುದು ಒಂದೇ ಮಾತು: ಮೋರ್ಸ್ ಸಂಕೇತದಲ್ಲಿ ‘ಹೈ’. ಎಚ್ ಅಕ್ಷರಕ್ಕೆ ನಾಲ್ಕು ಚುಕ್ಕೆ, ಐ ಅಕ್ಷರಕ್ಕೆ ಎರಡು ಚುಕ್ಕೆ. ಹ್ಯಾಮ್‌ಗಳ ಮೋರ್ಸ್ ಸಂಭಾಷಣೆಯಲ್ಲಿ ಈ ‘ಹೈ’ ಎಂದರೆ ನಗು. ಅಂದರೆ ಆ ಪೆಟ್ಟಿಗೆ ಭೂಮಿಯನ್ನು ಸುತ್ತುತ್ತ ನಗುತ್ತಿತ್ತೆಂದೂ ಹೇಳಬಹುದು! ಆದರೆ ಆ ನಗುವಿನಲ್ಲೇ ಒಂದು ವಿಜ್ಞಾನವಿತ್ತು. ಉಪಗ್ರಹದೊಳಗಿನ ಉಷ್ಣತೆ ಹೆಚ್ಚಾದರೆ ಚುಕ್ಕೆಗಳ ವೇಗ ಬದಲಾಗುತ್ತಿತ್ತು. ಕೈಯಲ್ಲಿ ಗಡಿಯಾರ ಹಿಡಿದು, ಕೆಲವು ‘ಹೈ’ಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಂಡರೆ ಸಾಕು, ಶೂನ್ಯದಲ್ಲಿ ಹಾರುತ್ತಿರುವ ಪೆಟ್ಟಿಗೆಯ ಒಳಬಿಸಿ ತಿಳಿಯುತ್ತಿತ್ತು.

28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಹೀಗೆ ಬರೆದುಕೊಂಡು ವರದಿ ಕಳಿಸಿದರು. ಸುಮಾರು ಮೂರು ವಾರಗಳ ನಂತರ ಬ್ಯಾಟರಿ ಮುಗಿಯಿತು. 1962ರ ಜನವರಿ ಕೊನೆಗೆ ಉಪಗ್ರಹ ವಾಯುಮಂಡಲಕ್ಕೆ ಬಿದ್ದು ಉರಿದುಹೋಯಿತು. ಪೆಟ್ಟಿಗೆ ನಿರೀಕ್ಷೆಗಿಂತ ಹೆಚ್ಚು ಕಾದಿತ್ತೆಂಬುದು ಆ ವರದಿಗಳಿಂದ ಸ್ಪಷ್ಟವಾಯಿತು. ಅದೇ ಜೂನ್‌ನಲ್ಲಿ ಹಾರಿದ ಆಸ್ಕರ್-2ರ ಹೊರಮೈ ಲೇಪವನ್ನು ಅದಕ್ಕೆ ತಕ್ಕಂತೆ ಬದಲಿಸಲಾಯಿತು. ಒಂದು ಉಪಗ್ರಹದ ವಿನ್ಯಾಸವನ್ನು ತಿದ್ದಿದ್ದು ನೂರಾರು ಅಪರಿಚಿತರ ನೋಟ್‌ಪುಸ್ತಕಗಳು.

ಈ ಕಥೆಗೆ ಇನ್ನೊಂದು ಮುಖವಿದೆ. ಅದು ಹೊರಬಂದದ್ದು ಬಹಳ ತಡವಾಗಿ. ಆಸ್ಕರ್-1 ಏರಿದ ರಾಕೆಟ್ಟಿನ ಮುಖ್ಯ ಪ್ರಯಾಣಿಕ ‘ಡಿಸ್ಕವರರ್-36’. ವೈಜ್ಞಾನಿಕ ಪ್ರಯೋಗವೆಂದು ಜನರಿಗೆ ಹೇಳಿದ್ದ ಈ ಸರಣಿ, ವಾಸ್ತವವಾಗಿ ಸೋವಿಯತ್ ನೆಲದ ಛಾಯಾಚಿತ್ರ ತೆಗೆಯುವ ‘ಕರೋನಾ’ ಎಂಬ ಗೂಢಚಾರ ಉಪಗ್ರಹಗಳದು. ಅಮೆರಿಕ ಈ ಕಡತಗಳನ್ನು ಬಿಚ್ಚಿದ್ದು 1995ರಲ್ಲಿ. ಜಗತ್ತಿಗೆಲ್ಲ ತನ್ನ ಕಂಪನಾಂಕ ತಿಳಿಸಿ ‘ಹೈ’ ಎನ್ನುವ ಪೆಟ್ಟಿಗೆಯೊಂದು, ಹೆಸರನ್ನೇ ಮುಚ್ಚಿಟ್ಟುಕೊಂಡ ಕ್ಯಾಮೆರಾದ ಪಕ್ಕ ಕುಳಿತು ಆಕಾಶಕ್ಕೆ ಹೋಗಿತ್ತು. ಶೀತಲ ಸಮರದ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿಯೂ ಸಿಗಲಾರದೆಂದು ನನಗೆ ತೋರುತ್ತದೆ.

ಗುಟ್ಟಿನ ಮಾತು ಬಂದಾಗ ಇಂಗ್ಲೆಂಡಿನ ಒಂದು ಶಾಲೆಯನ್ನು ಮರೆಯುವಂತಿಲ್ಲ. ಕೆಟರಿಂಗ್ ಎಂಬ ಸಣ್ಣ ಊರಿನ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರ್ರಿ ಭೌತಶಾಸ್ತ್ರದ ಅಧ್ಯಾಪಕರು. ಅವರ ಸಹೋದ್ಯೋಗಿ ಡೆರೆಕ್ ಸ್ಲೇಟರ್ ರಸಾಯನಶಾಸ್ತ್ರ ಕಲಿಸುವವರು, ಜೊತೆಗೆ ರೇಡಿಯೊ ಹವ್ಯಾಸಿ. 1960ರಲ್ಲಿ ಸ್ಪುಟ್ನಿಕ್-4ರ ಸಂಜ್ಞೆ ಹಿಡಿಯುವುದರಿಂದ ಇವರ ಕೆಲಸ ಆರಂಭವಾಯಿತು. ಮಕ್ಕಳಿಗೆ ಡಾಪ್ಲರ್ ಪರಿಣಾಮ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನವಿರಲಿಲ್ಲ. ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲಿನ ಸಿಳ್ಳೆಯನ್ನು ನೆನಪಿಸಿಕೊಳ್ಳಿ. ಹತ್ತಿರ ಬರುವಾಗ ಅದರ ಸ್ವರ ಏರಿರುತ್ತದೆ, ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. ಉಪಗ್ರಹದ ರೇಡಿಯೊ ಅಲೆಯೂ ಹಾಗೆಯೇ. ಸ್ವರ ಇಳಿಯುವ ಕ್ಷಣವನ್ನು ಗುರುತಿಸಿದರೆ ಉಪಗ್ರಹ ನಮಗೆ ಅತ್ಯಂತ ಸಮೀಪ ಬಂದ ಗಳಿಗೆ ತಿಳಿಯಿತು. ದಿನವೂ ಹೀಗೆ ಗುರುತಿಸುತ್ತ ಹೋದರೆ ಅದರ ಕಕ್ಷೆಯೇ ಕೈಗೆ ಸಿಗುತ್ತದೆ.

1966ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟ ‘ಕಾಸ್ಮಾಸ್-112’ನ್ನು ಹಾರಿಸಿತು. ಇದೂ ಒಂದು ಗೂಢಚಾರ ಉಪಗ್ರಹವೇ. ಕೆಟರಿಂಗ್‌ನವರು ಲೆಕ್ಕ ಹಾಕಿದಾಗ ಏನೋ ಸರಿಹೊಂದಲಿಲ್ಲ. ಕಕ್ಷೆ ಸಮಭಾಜಕ ವೃತ್ತಕ್ಕೆ 72 ಡಿಗ್ರಿ ಓರೆಯಾಗಿತ್ತು. ಉಡಾವಣೆಯ ಹೊತ್ತಿಗೆ ಹಿಂದಕ್ಕೆ ಎಳೆದರೆ ಅದರ ದಾರಿ ಬೈಕನೂರ್ ನೆಲೆಯ ಮೇಲೆ ಹಾಯುತ್ತಿರಲಿಲ್ಲ. ಹಾಗಾದರೆ ಅದು ಹಾರಿದ್ದು ಎಲ್ಲಿಂದ?

ಉತ್ತರ ಶಾಲೆಯ ರೇಖಾಗಣಿತದಲ್ಲಿಯೇ ಇತ್ತು. ಇಂಥ ಉಪಗ್ರಹ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಷ್ಟರಲ್ಲಿ ಕೆಳಗಿನ ಭೂಮಿ ಇಪ್ಪತ್ತೆರಡೂವರೆ ಡಿಗ್ರಿಯಷ್ಟು ಪೂರ್ವಕ್ಕೆ ತಿರುಗಿರುತ್ತದೆ. ಆದ್ದರಿಂದ ಉಪಗ್ರಹದ ದಾರಿ ಪ್ರತಿ ಸುತ್ತಿಗೂ ಅಷ್ಟೇ ಪಶ್ಚಿಮಕ್ಕೆ ಸರಿಯುತ್ತದೆ. ಇದನ್ನು ತಿರುವುಮುರುವಾಗಿ ಎಣಿಸುತ್ತ ಮೊದಲ ಸುತ್ತಿಗೆ ಬಂದರೆ ನಕ್ಷೆಯ ಮೇಲೆ ಒಂದು ಗೆರೆ ಸಿಗುತ್ತದೆ. ಉಡಾವಣಾ ನೆಲೆ ಆ ಗೆರೆಯ ಮೇಲೆ ಎಲ್ಲೋ ಇರಲೇಬೇಕು. ಎಲ್ಲಿ ಎಂದು ಒಂದು ಗೆರೆ ಹೇಳದು. ಅಕ್ಟೋಬರ್‌ನಲ್ಲಿ ಕಾಸ್ಮಾಸ್-129 ಹಾರಿತು, ಈ ಸಲ ಓರೆ ಸುಮಾರು 65 ಡಿಗ್ರಿ. ಎರಡನೆಯ ಗೆರೆ ಮೊದಲನೆಯದನ್ನು ಮಾಸ್ಕೋದ ಉತ್ತರಕ್ಕೆ, ಅರ್ಖಾಂಗೆಲ್ಸ್ಕ್ ಪ್ರಾಂತದ ಪ್ಲೆಸೆಟ್ಸ್ಕ್ ಎಂಬ ಊರಿನ ಬಳಿ ಕತ್ತರಿಸಿತು. 1966ರ ಕೊನೆಗೆ ಅವರು ಇದನ್ನು ಪ್ರಕಟಿಸಿಯೇಬಿಟ್ಟರು.

ಅಮೆರಿಕದ ಬೇಹುಗಾರಿಕೆಯವರಿಗೆ ತಮ್ಮ ಕರೋನಾ ಚಿತ್ರಗಳಿಂದ ಆ ನೆಲೆ ಮೊದಲೇ ಗೊತ್ತಿತ್ತು. ಆದರೆ ಅವರು ಬಾಯಿ ಬಿಟ್ಟಿರಲಿಲ್ಲ. ಜನರಿಗೆ ತಿಳಿಸಿದ್ದು ಒಂದು ಶಾಲೆ. ಸೋವಿಯತ್ ಸರ್ಕಾರ ಪ್ಲೆಸೆಟ್ಸ್ಕ್ ನೆಲೆಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1983ರಲ್ಲಿ. ಅಷ್ಟರಲ್ಲಿ ಆ ಲೆಕ್ಕದ ಕಾಲದಲ್ಲಿ ಶಾಲೆಯಲ್ಲಿದ್ದ ಮಕ್ಕಳು ಮೂವತ್ತು ದಾಟಿರಬೇಕು.

ಇತ್ತ ಆಸ್ಕರ್ ಸರಣಿ ಬೆಳೆಯುತ್ತಿತ್ತು. 1965ರ ಮಾರ್ಚ್‌ನಲ್ಲಿ ಹಾರಿದ ಆಸ್ಕರ್-3 ಬರಿಯ ಚುಕ್ಕೆ ಕಳಿಸದೆ, ನೆಲದಿಂದ ಬಂದ ಮಾತನ್ನು ಹಿಡಿದು ಮರಳಿ ಪ್ರಸಾರ ಮಾಡುವ ಪುನಃಪ್ರಸಾರಕವನ್ನು ಹೊತ್ತಿತ್ತು. ಪರವಾನಗಿಯುಳ್ಳ ಯಾರು ಬೇಕಾದರೂ ಅದನ್ನು ಬಳಸಬಹುದಿತ್ತು. ಅದೇ ಡಿಸೆಂಬರ್‌ನ ಆಸ್ಕರ್-4 ಸರಿಯಾದ ಕಕ್ಷೆ ಸೇರದಿದ್ದರೂ, ಅದರ ಮೂಲಕ ಅಮೆರಿಕದ ಹಾಗೂ ಸೋವಿಯತ್ ಒಕ್ಕೂಟದ ಹವ್ಯಾಸಿಗಳು ಪರಸ್ಪರ ಮಾತನಾಡಿದರು. ಆ ಎರಡು ದೇಶಗಳ ನಡುವೆ ಉಪಗ್ರಹದ ಮೂಲಕ ನಡೆದ ಮೊದಲ ನೇರ ಸಂಪರ್ಕ ಅದೇ. 1970ರ ಜನವರಿ 23ರಂದು ಹಾರಿದ ಆಸ್ಕರ್-5 ಆಸ್ಟ್ರೇಲಿಯಾದ ಮೆಲ್ಬೋರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಕೆಲಸ. ಬಡಗಿಗಳು ಬಳಸುವ ಉಕ್ಕಿನ ಅಳತೆ ಪಟ್ಟಿಯೇ ಅದರ ಆಂಟೆನಾ! ಮಡಚಿದರೆ ಸುತ್ತಿಕೊಳ್ಳುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ.

ನಮ್ಮ ದೇಶದ ಸರದಿ ಬಂದದ್ದು 2005ರಲ್ಲಿ. ಅದರ ಹಿಂದಿನ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿದಾಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಹವ್ಯಾಸಿಗಳ ರೇಡಿಯೊ ಎಷ್ಟೋ ಕುಟುಂಬಗಳಿಗೆ ತಮ್ಮವರ ಸುದ್ದಿ ಮುಟ್ಟಿಸಿತ್ತು. ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್, ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಇದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ಕೂಸು. (ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾಯರ ಹೆಸರು ಈಗ ಆ ಕೇಂದ್ರಕ್ಕಿದೆ.) ಅದರಲ್ಲಿದ್ದ ಎರಡು ಪುನಃಪ್ರಸಾರಕಗಳಲ್ಲಿ ಒಂದು ಭಾರತದ್ದು, ಇನ್ನೊಂದನ್ನು ರಚಿಸಿದ್ದು ನೆದರ್‌ಲೆಂಡ್ಸ್‌ನ ಒಬ್ಬ ಹವ್ಯಾಸಿ ವಿದ್ಯಾರ್ಥಿ! ಇಸ್ರೋದಂತಹ ಸಂಸ್ಥೆ ಹೊರದೇಶದ ವಿದ್ಯಾರ್ಥಿಯೊಬ್ಬನ ಮಂಡಲವನ್ನು ನಂಬಿ ಆಕಾಶಕ್ಕೆ ಒಯ್ದದ್ದು ಸಣ್ಣ ಸಂಗತಿಯಲ್ಲ. ಎರಡು ವರ್ಷಕ್ಕೆಂದು ಯೋಜಿಸಿದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ದುಡಿದು, 2014ರ ಜುಲೈನಲ್ಲಿ ಬ್ಯಾಟರಿ ಸೋತು ನಿಂತಿತು.

ಈ ನಡುವೆ 2010ರ ಜುಲೈ 12ರಂದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ‘ಸ್ಟಡ್‌ಸ್ಯಾಟ್’ ಹಾರಿತು. ಅದರ ಸಂಜ್ಞೆಯೂ ಹವ್ಯಾಸಿ ಕಂಪನಾಂಕದಲ್ಲಿತ್ತು. ನೆಲದ ಕೇಂದ್ರ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು.

ಗುಟ್ಟುಗಳನ್ನು ಹುಡುಕುವ ಕಿವಿಗಳು ಇಂದಿಗೂ ಸುಮ್ಮನಿಲ್ಲ. 2018ರ ಜನವರಿಯಲ್ಲಿ ಅಮೆರಿಕ ‘ಜುಮಾ’ ಎಂಬ ರಹಸ್ಯ ಉಪಗ್ರಹವನ್ನು ಹಾರಿಸಿತು. ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿ ಅದರ ಸಂಜ್ಞೆಗಾಗಿ ತಡಕಾಡುತ್ತಿದ್ದರು. ಜುಮಾ ಸಿಗಲಿಲ್ಲ, ಸಿಕ್ಕಿದ್ದು ‘ಇಮೇಜ್’. ಭೂಮಿಯ ಕಾಂತಗೋಲವನ್ನು ಅಧ್ಯಯನ ಮಾಡಲು ನಾಸಾ 2000ದಲ್ಲಿ ಕಳಿಸಿದ್ದ ಈ ಉಪಗ್ರಹ 2005ರ ಡಿಸೆಂಬರ್‌ನಲ್ಲಿ ಮಾತು ನಿಲ್ಲಿಸಿತ್ತು. ಸತ್ತಿತೆಂದು ನಾಸಾ ಕೈಬಿಟ್ಟಿತ್ತು. ಮನೆಯಲ್ಲಿ ಕುಳಿತ ಹವ್ಯಾಸಿಯೊಬ್ಬರು ಅದು ಬದುಕಿದೆಯೆಂದರು. ನಾಸಾ ಪರೀಕ್ಷಿಸಿ ಹೌದೆಂದಿತು. ಅದೇ ವರ್ಷ ಇಮೇಜ್ ಮತ್ತೆ ಮೌನವಾಯಿತೆನ್ನುವುದು ಬೇರೆ ಮಾತು.

ಹವ್ಯಾಸಿಗಳದೇ ಒಂದು ಉಪಗ್ರಹವೂ ಹೀಗೆ ಸತ್ತು ಎದ್ದಿದೆ. 1974ರ ನವೆಂಬರ್ 15ರಂದು ಹಾರಿದ ಆಸ್ಕರ್-7ರ ಬ್ಯಾಟರಿ 1981ರಲ್ಲಿ ಒಳಗೇ ಶಾರ್ಟ್ ಆಯಿತು. ಸೌರಫಲಕಗಳ ವಿದ್ಯುತ್ತೆಲ್ಲ ಆ ದಾರಿಯಲ್ಲಿ ಸೋರಿಹೋಗಿ ಉಪಗ್ರಹ ಮೂಕವಾಯಿತು. ಇಪ್ಪತ್ತೊಂದು ವರ್ಷ ಕಳೆದ ಮೇಲೆ, 2002ರ ಜೂನ್ 21ರಂದು, ಇಂಗ್ಲೆಂಡಿನ ಹ್ಯಾಮ್ ಒಬ್ಬರಿಗೆ ಅದರ ಮೋರ್ಸ್ ಸಂಜ್ಞೆ ಕೇಳಿಬಂತು. ಶಾರ್ಟ್ ಆಗಿದ್ದ ಬ್ಯಾಟರಿ ಕಾಲಕ್ರಮದಲ್ಲಿ ಪೂರ್ತಿ ಕಡಿದುಹೋಗಿ, ಸೋರಿಕೆಯ ದಾರಿ ತಾನಾಗಿ ಮುಚ್ಚಿತ್ತು! ಅಂದಿನಿಂದ ಬಿಸಿಲಿನಲ್ಲಿರುವಾಗ ಅದು ಎಚ್ಚರ, ಭೂಮಿಯ ನೆರಳಿಗೆ ಹೊಕ್ಕರೆ ನಿದ್ದೆ. ಹಾರಿ ಐವತ್ತು ವರ್ಷ ತುಂಬಿದ 2024ರಲ್ಲಿಯೂ ಹವ್ಯಾಸಿಗಳು ಅದರ ಮೂಲಕ ಮಾತನಾಡುತ್ತಿದ್ದರು.

ಸುಮಾರು 1,450 ಕಿಲೋಮೀಟರ್ ಎತ್ತರದಲ್ಲಿರುವ ಅದು ಕರ್ನಾಟಕದ ಮೇಲೂ ಹಾಯುತ್ತದೆ. ನೆತ್ತಿಯ ಮೇಲೆ ಬಂದಾಗ ಇಪ್ಪತ್ತು ನಿಮಿಷದಷ್ಟು ಕಾಲ ನಮ್ಮ ದಿಗಂತದೊಳಗಿರುತ್ತದೆ. ಅದರ ಮೋರ್ಸ್ ಸಂಜ್ಞೆ 145.97 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೇಳಿಬರುವುದುಂಟು. ಫಲಕಗಳ ವಿದ್ಯುತ್ತು, ಒಳಗಿನ ಉಷ್ಣತೆ ಮುಂತಾದವುಗಳ ಅಂಕಿಗಳನ್ನು ಅದು ಸಾಲಾಗಿ ಒಪ್ಪಿಸುತ್ತದೆ. ಆ ಅಂಕಿಗಳನ್ನು ಆರಂಭಿಸುವ ಮೊದಲು ನಾಲ್ಕು ಚುಕ್ಕೆ, ಎರಡು ಚುಕ್ಕೆ ಬಡಿಯುತ್ತದೆ: ‘ಹೈ’.